ಏಳೆಕರೆ ಎರೆಹೊಲ ಯಾರ ಹೆಸರಿಗೆ

ಅಳವಂಡಿ
27-6-1979

ಅಣ್ಣ ಗ್ಯಾನಪ್ಪನಿಗೆ ಪಕ್ಕೀರವ್ವ ಬರೆಯುವುದು.

ಕ್ಷೇಮ ಸಮಾಚಾರ ಕೊನೆಗೆ. ಮೊದಲು ನಿನಗೆ ಸಿಟ್ಟು ಬರುವ ಸುದ್ದಿ. ನಿನ್ನೆ ಅವ್ವನನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋಗಿ, ನಾವು ಪಾಲಿಗೆ ಮಾಡುವ ಏಳೆಕರೆ ಎರೆಹೊಲ ನಮಗೇ ಆಗಬೇಕೆಂದು ಅರ್ಜಿ ಕೊಟ್ಟು ಬಂದೆ. ಅರ್ಜಿದಾರರ ಹೆಸರು ಎಂದಿರುವಲ್ಲಿ ಅವ್ವನ ಹೆಸರು ಬರೆದೆ. ಅದರ ಕೆಳಗೆ ನನ್ನ ಹೆಸರು ಬರೆದೆ. ನಿನ್ನದು ಬರೆಯಲಿಲ್ಲ. ಅವಸರದಲ್ಲಿ ಮರೆತದ್ದಲ್ಲ, ತಿಳಿದೇ ಬಿಟ್ಟೆ.

ಗಡುವು ಇದೇ ಮೂವತ್ತಕ್ಕೆ ಮುಗಿಯುತ್ತದೆ. ಉಳುವವರಿಗೆ ಹೊಲ ಎಂದು ಕಾಯ್ದೆ ಬಂದು ಐದು ವರ್ಷವಾಯಿತು. ಅಪ್ಪ ವಿರೂಪಾಕ್ಷಪ್ಪ ಸಾಹುಕಾರರ ಈ ಹೊಲವನ್ನು ಇಪ್ಪತ್ತೆರಡು ವರ್ಷ ಮಾಡಿದ. ಅಪ್ಪ ಹೋದ ಮೇಲೆ ಮೂರು ವರ್ಷದಿಂದ ಅವ್ವ ಮತ್ತು ನಾನು ಮಾಡುತ್ತಿದ್ದೇವೆ, ಅರ್ಧ ರಾಶಿ ಅವರ ಮನೆಗೆ ಅಳೆದು ಕೊಡುತ್ತಿದ್ದೇವೆ. ಆದರೆ ಪಹಣಿ ತೆಗೆಸಿ ನೋಡಿದರೆ ಸಾಗುವಳಿ ಮಾಡುವವರ ಕಾಲಮಿನಲ್ಲಿ ಸಾಹುಕಾರರೇ ಖುದ್ದು ಮಾಡುತ್ತಾರೆ ಎಂದಿದೆ. ಅವರ ಧೋತರದ ಅಂಚಿಗೆ ಎರೆಮಣ್ಣು ಹತ್ತಿದ್ದನ್ನು ಊರಲ್ಲಿ ಯಾರಾದರೂ ಕಂಡಿದ್ದರೆ ಬಂದು ಹೇಳಲಿ.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ನನ್ನ ಹಿಂದೆ ಮುಂದೆ ನೋಡಿ, ಮನೆಯಲ್ಲಿ ಗಂಡಸರಿಲ್ಲವೇ ಎಂದು ಕೇಳಿದ. ಒಬ್ಬನಿದ್ದಾನೆ, ರಾಯಚೂರಿನ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾನೆ ಎಂದೆ. ಹಾಗಾದರೆ ಅವನ ಹೆಸರು ಹಾಕು ಎಂದ. ಅರ್ಜಿಯಲ್ಲಿ ಕೇಳಿದ್ದು ಸ್ವತಃ ಸಾಗುವಳಿ ಮಾಡುವವರ ಹೆಸರು, ಮನೆಯ ಗಂಡಸರ ಹೆಸರಲ್ಲ ಎಂದು ಬೆರಳಿಟ್ಟು ತೋರಿಸಿದೆ. ಅವನಿಗೆ ಅಕ್ಷರ ಬಲ್ಲ ಹುಡುಗಿಯರೆಂದರೆ ಆಗುವುದಿಲ್ಲವೆಂದು ಕಾಣುತ್ತದೆ. ಮುಖ ಗಂಟು ಹಾಕಿಕೊಂಡೇ ಠಸ್ಸೆ ಹೊಡೆದ.

ನೀನೇ ಹೇಳು ಅಣ್ಣ, ನೀನು ಬಿತ್ತಲು ಕೂರಿಗೆ ಹಿಡಿದು ಎಷ್ಟು ವರ್ಷವಾಯಿತು? ನಿನಗೆ ನೌಕರಿ ಇದೆ. ನಮಗೆ ಇರುವುದು ಇದೊಂದೇ.

ಈಗ ಕ್ಷೇಮ ಸಮಾಚಾರ. ಅವ್ವನ ಮೊಣಕಾಲು ನೋವು ಹಾಗೇ ಇದೆ. ಎಮ್ಮೆ ಈದಿದೆ, ಹೆಣ್ಣು ಕರು. ಎಮ್ಮೆ ಹೆಣ್ಣು ಹೆತ್ತರೆ ನಮ್ಮೂರಲ್ಲಿ ಎಲ್ಲರಿಗೂ ಖುಷಿ.

ನಿನ್ನ ತಂಗಿ
ಪಕ್ಕೀರವ್ವ


ರಾಯಚೂರು
9-7-1979

ಚಿ. ಪಕ್ಕೀರವ್ವಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಓದಿದ ದಿನ ನನಗೆ ಊಟ ಸೇರಲಿಲ್ಲ. ನಿನ್ನ ಅತ್ತಿಗೆ ಏನಾಯಿತೆಂದು ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದೆ.

ನನ್ನನ್ನು ಈ ಕಚೇರಿಗೆ ಸೇರಿಸಿದವರು ಯಾರೆಂದು ನಿನಗೆ ಗೊತ್ತಿಲ್ಲವೇ? ಸಾಹುಕಾರರ ಭಾವ ಒಂದು ಮಾತು ಹೇಳದಿದ್ದರೆ ನಾನು ಇವತ್ತಿಗೂ ಅಳವಂಡಿಯಲ್ಲಿ ಎಮ್ಮೆ ಕಾಯುತ್ತಿದ್ದೆ. ನನ್ನ ನೌಕರಿ ಇನ್ನೂ ಟೆಂಪರವರಿ. ಪ್ರತಿ ಸಲ ಆರ್ಡರ್ ಮುಗಿಯುವ ಮುನ್ನ ಅದೇ ಭಾವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ನಿನ್ನ ಅರ್ಜಿಯ ಸುದ್ದಿ ಅವರಿಗೆ ನನಗಿಂತ ಮೊದಲೇ ಮುಟ್ಟಿದೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ನೀನು ನಾಳೆ ಮದುವೆಯಾಗಿ ಹೋಗುವವಳು. ಮಗ ಬದುಕಿರುವಾಗ ಮಗಳ ಹೆಸರಿಗೆ ಹೊಲ ಮಾಡಿದರೆಂದು ಜನ ಆಡಿಕೊಳ್ಳುವುದಿಲ್ಲವೇ? ಗಂಡನ ಮನೆಯವರು ಬಂದು ಹೊಲದಲ್ಲಿ ನಿಂತರೆ ಅವ್ವ ಎಲ್ಲಿಗೆ ಹೋಗಬೇಕು? ಅರ್ಜಿ ವಾಪಸ್ ತೆಗೆದುಕೊ. ಸಾಹುಕಾರರು ದೊಡ್ಡ ಮನಸ್ಸಿನವರು, ಪಾಲಿಗೆ ಮಾಡುವುದನ್ನು ತಪ್ಪಿಸುವುದಿಲ್ಲ.

ನಿನ್ನನ್ನು ಹೈಸ್ಕೂಲಿಗೆ ಕಳಿಸಬೇಕೆಂದು ಅಪ್ಪನ ಹತ್ತಿರ ಹಟ ಹಿಡಿದವನು ನಾನು. ಅದನ್ನಾದರೂ ನೆನಪಿಟ್ಟುಕೊ.

ಇಂತಿ ನಿನ್ನ ಅಣ್ಣ
ಗ್ಯಾನಪ್ಪ


ಅಳವಂಡಿ
14-10-1979

ಅಣ್ಣನಿಗೆ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬರೆದರೆ ಬೈಗುಳವೇ ಬರುತ್ತಿತ್ತು. ಈಗ ಬಿತ್ತಿಗೆ ಮುಗಿದಿದೆ, ಸಿಟ್ಟು ಅರ್ಧ ಇಳಿದಿದೆ. ಇನ್ನರ್ಧವನ್ನು ಈ ಕಾಗದದಲ್ಲಿ ಕಳಿಸುತ್ತಿದ್ದೇನೆ.

ನನ್ನನ್ನು ಹೈಸ್ಕೂಲಿಗೆ ಕಳಿಸಿದ್ದು ನೀನು, ಒಪ್ಪಿದೆ. ನಿನ್ನ ನೌಕರಿಗೆ ಅಪ್ಪ ಏನು ಕೊಟ್ಟನೆಂದು ನಿನಗೆ ಗೊತ್ತಿದೆಯೇ? ಕಾಯ್ದೆ ಬಂದ ವರ್ಷ ಅಪ್ಪ ಇದೇ ಅರ್ಜಿಯ ಫಾರಂ ತಂದಿದ್ದ. ನಾನೇ ತುಂಬಿ ಕೊಡುತ್ತೇನೆಂದೆ. ಬೇಡ, ಹುಡುಗನ ನೌಕರಿ ಕಾಯಂ ಆಗಲಿ, ಆಮೇಲೆ ಕೊಡೋಣ ಎಂದ. ಎರಡು ವರ್ಷ ಆ ಫಾರಂ ಜಂತಿಯಲ್ಲಿತ್ತು. ನಿನ್ನ ನೌಕರಿ ಕಾಯಂ ಆಗಲಿಲ್ಲ. ಅಪ್ಪ ಹೋದ. ಅವನು ಕಾದ ಹಾಗೆ ನಾನು ಕಾಯುವುದಿಲ್ಲ.

ಸಾಹುಕಾರರ ದೊಡ್ಡ ಮನಸ್ಸು ಹೇಗಿದೆ ಕೇಳು. ಉತ್ತರಿ ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನ ಅವರ ಕಾರಭಾರಿ ಹೊನ್ನೂರಪ್ಪ ಮನೆ ಮುಂದೆ ನಿಂತು, ಈ ಹಿಂಗಾರಿಯಿಂದ ಹೊಲಕ್ಕೆ ಕಾಲಿಡಬೇಡಿರೆಂದು ಹೇಳಿ ಹೋದ. ಎತ್ತು ಇದ್ದವರ ಮನೆಗೆಲ್ಲ ಹೋಗಿ, ಅಪ್ಪನ ಹೆಸರೆತ್ತಿ, ಹೇಮಪ್ಪನ ಹೆಂಡತಿಗೆ ಎತ್ತು ಕೊಟ್ಟವರು ಮುಂದೆ ಸಾಹುಕಾರರ ಬಾವಿಯ ನೀರು ಕೇಳಬಾರದೆಂದ. ನಾನು ಹನ್ನೊಂದು ಮನೆ ತಿರುಗಿದೆ. ಒಬ್ಬರ ಎತ್ತಿಗೆ ಕಾಲುನೋವು, ಇನ್ನೊಬ್ಬರ ನೊಗ ಮುರಿದಿದೆ. ಇಡೀ ಊರಿನ ಎತ್ತುಗಳಿಗೆ ಒಂದೇ ದಿನ ಬೇನೆ ಬಂದಿತ್ತು.

ಕಾಸೀಮಸಾಬನೂ ಹೆದರಿ ಆಗುವುದಿಲ್ಲವೆಂದ. ಅವನ ಹೆಂಡತಿ ಶಾಹಜಾದಬಿ ಒಳಗಿನಿಂದ ಕೇಳಿಸಿಕೊಂಡಿದ್ದಳು. ಮರುದಿನ ಬೆಳಗಾಗುವ ಮೊದಲೇ ತಾನೇ ಎತ್ತು ಹೊಡೆದುಕೊಂಡು ಹೊಲಕ್ಕೆ ಬಂದು ನಿಂತಳು. ಗಂಡ ಎದ್ದು ನೋಡಿದರೆ ಕೊಟ್ಟಿಗೆ ಖಾಲಿ. ಅವಳು ಹೇಳಿದ್ದು ಇಷ್ಟೇ: "ಸಾವ್ಕಾರ ಅವನಿಗೆ ಹೇಳ್ಯಾನ. ನನಗೇನೂ ಹೇಳಿಲ್ಲ."

ಎತ್ತು ಬಂದವು, ಕೂರಿಗೆ ಹಿಡಿಯುವವರು ಯಾರು? ಹೆಣ್ಣುಮಕ್ಕಳು ಬೀಜ ಬಿಡಬಹುದು, ಕಳೆ ತೆಗೆಯಬಹುದು, ರಾಶಿ ಮಾಡಬಹುದು. ಕೂರಿಗೆ ಮಾತ್ರ ಮುಟ್ಟಬಾರದು, ಮುಟ್ಟಿದರೆ ಮಳೆ ಹೋಗುತ್ತದೆ ಎನ್ನುವ ಶಾಸ್ತ್ರ ನಿನಗೂ ಗೊತ್ತು. ಅವ್ವ ಬಗ್ಗಿ ಒಂದು ಹಿಡಿ ಎರೆ ಹಿಡಿದು ಹದ ನೋಡಿದಳು. ಆಮೇಲೆ ಕೂರಿಗೆಗೆ ಕುಂಕುಮ ಹಚ್ಚಿ, "ಹಿಡಿ" ಎಂದಳು. ನಾನು ಹಿಡಿದೆ. ಶಾಹಜಾದಬಿ ಬಟ್ಟಲಿಗೆ ಜೋಳ ಬಿಟ್ಟಳು, ಅವ್ವ ಹಿಂದೆ ಅಕ್ಕಡಿ ಸಾಲಿನ ಬೀಜ ಬಿಟ್ಟಳು. ಮೊದಲ ಸಾಲು ಹಾವು ಹರಿದ ಹಾಗಿತ್ತು. ನಾಲ್ಕನೆಯದು ನೆಟ್ಟಗಾಯಿತು. ಎರಡೂವರೆ ದಿನದಲ್ಲಿ ಏಳೆಕರೆ ಮುಗಿಸಿದೆವು. ನನ್ನ ಅಂಗೈಯ ಬೊಬ್ಬೆ ಇನ್ನೂ ಆರಿಲ್ಲ, ಅದಕ್ಕೇ ಅಕ್ಷರ ಹೀಗಿದೆ.

ಚಾವಡಿಯಲ್ಲಿ ಹಿರಿಯರು ಕೂಡಿ, ಊರಿಗೆ ಕೇಡು ತಂದಳೆಂದು ನನ್ನ ಹೆಸರು ಹಿಡಿದು ಆಡಿದರು. ಮೂರನೇ ದಿನ ಹಸ್ತದ ಮಳೆ ಊರು ತುಂಬ ಹೊಡೆಯಿತು. ಆ ಮಳೆಯನ್ನು ಮಾತ್ರ ಯಾರೂ ನನ್ನ ಲೆಕ್ಕಕ್ಕೆ ಹಾಕಲಿಲ್ಲ.

ನಿನ್ನ ತಂಗಿ
ಪಕ್ಕೀರವ್ವ


ಅಳವಂಡಿ
20-12-1979

ಅಣ್ಣನಿಗೆ,

ಕಾಗದ ಬರೆಯಲು ನಿನಗೆ ಪುರಸೊತ್ತಿಲ್ಲ, ಗಂಡು ಕಳಿಸಲು ಇದೆ. ಮೊನ್ನೆ ಸೋಮವಾರ ಗಂಗಾವತಿಯಿಂದ ಐದು ಜನ ಬಂದಿಳಿದರು. ನೀನು ಹೇಳಿ ಕಳಿಸಿದ್ದಂತೆ. ನಾವು ಹೊಲದಲ್ಲಿದ್ದೆವು. ಅವ್ವ ಓಡಿ ಬಂದು ಒಲೆ ಹಚ್ಚಿದಳು, ನಾನು ಕೆಸರುಗಾಲಿನಲ್ಲೇ ಅವಲಕ್ಕಿ ತಂದಿಟ್ಟೆ.

ಹುಡುಗ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ. ಅವಲಕ್ಕಿ ತಿಂದು ತಟ್ಟೆ ತಾನೇ ಎತ್ತಿಟ್ಟ, ಅದು ನನಗೆ ಹಿಡಿಸಿತು. ಮಾತಾಡಿದ್ದೆಲ್ಲ ಅವನ ಸೋದರಮಾವ. ಹುಡುಗಿ ಒಪ್ಪಿಗೆಯಾಗಿದೆ, ಆದರೆ ಕೋರ್ಟು ಕಚೇರಿ ಹತ್ತುವ ಹುಡುಗಿ ಬೇಡ, ಅರ್ಜಿಯಿಂದ ಹೆಸರು ತೆಗೆಸಿದರೆ ಮಾಘದಲ್ಲಿ ಅಕ್ಕಿಕಾಳು ಎಂದ. ನಾನು ಹುಡುಗನನ್ನೇ ಕೇಳಿದೆ, ನಿಮಗೂ ಹಾಗೇ ಅನಿಸುತ್ತದೆಯೇ ಎಂದು. ಅವನು ಮಾವನ ಮುಖ ನೋಡಿದ. ನಾನು ತಟ್ಟೆ ತೆಗೆದುಕೊಂಡು ಒಳಗೆ ಹೋದೆ.

ಅಣ್ಣ, ಇದು ನಿನ್ನ ಬುದ್ಧಿಯೋ ಸಾಹುಕಾರರದೋ ನನಗೆ ತಿಳಿಯದು. ಅರ್ಜಿಯಿಂದ ನನ್ನ ಹೆಸರು ತೆಗೆಸಲು ಮದುವೆ ಮಾಡಿಸುವವರನ್ನು ಇದೇ ಮೊದಲು ಕಂಡದ್ದು. ನಾನು ಮದುವೆಯಾಗುವುದಿಲ್ಲ ಎಂದಿಲ್ಲ. ಹೊಲದ ಜೊತೆಗೆ ನನ್ನನ್ನು ಒಪ್ಪುವವನು ಬರಲಿ, ಆ ದಿನ ಕಾಲು ತೊಳೆದುಕೊಂಡೇ ಅವಲಕ್ಕಿ ತರುತ್ತೇನೆ.

ಅವ್ವ ಆ ರಾತ್ರಿ ಉಣ್ಣಲಿಲ್ಲ. ನನ್ನ ಮೇಲಿನ ಸಿಟ್ಟಿಗೋ ನಿನ್ನ ಮೇಲಿನ ಸಿಟ್ಟಿಗೋ ಕೇಳಲಿಲ್ಲ.

ಪಕ್ಕೀರವ್ವ


ರಾಯಚೂರು
5-2-1980

ಚಿ. ಪಕ್ಕೀರವ್ವಳಿಗೆ,

ನಿಮ್ಮ ಕೇಸಿನ ತಾರೀಖು ಇದೇ 26ಕ್ಕೆ ಇದೆಯೆಂದು ಸಾಹುಕಾರರಿಂದ ತಿಳಿಯಿತು. ಅವರು ಕಳೆದ ವಾರ ರಾಯಚೂರಿಗೆ ಬಂದಿದ್ದರು. ನಮ್ಮ ಮನೆಗೂ ಬಂದರು, ಮಗುವಿಗೆ ಅಂಗಿ ತಂದಿದ್ದರು.

ನನಗೆ ರಜೆ ಸಿಗುವುದಿಲ್ಲ, ಬರಲಾಗುವುದಿಲ್ಲ. ಅಲ್ಲಿ ಏನೇ ಓದಿದರೂ, ಏನೇ ಹೇಳಿದರೂ, ಅವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಡ. ಅವಳಿಗೆ ಕಚೇರಿಯ ಭಾಷೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಒಳ್ಳೆಯದು.

ನನ್ನ ನೌಕರಿ ಕಾಯಂ ಆದ ಆರ್ಡರು ಬಂತು.

ಗ್ಯಾನಪ್ಪ


ಅಳವಂಡಿ
28-2-1980

ಗ್ಯಾನಪ್ಪನಿಗೆ,

ನಿನ್ನ ಕಾಗದ ಓದಿದರು. ಭೂ ಟ್ರಿಬ್ಯೂನಲ್ಲಿನ ಸಾಹೇಬರ ಮುಂದೆ, ನೂರು ಜನರ ಎದುರು, ಗಟ್ಟಿಯಾಗಿ ಓದಿದರು. "ನನ್ನ ತಂದೆ ಹೇಮಪ್ಪ ಸದರಿ ಸಾಹುಕಾರರ ಮನೆಯಲ್ಲಿ ಸಂಬಳಕ್ಕಿದ್ದ ಆಳು. ಅವನು ಈ ಜಮೀನನ್ನು ಎಂದೂ ಪಾಲಿಗೆ ಮಾಡಿದವನಲ್ಲ." ಕೆಳಗೆ ನಿನ್ನ ಸಹಿ. ನಾನು ಮುಂದೆ ಹೋಗಿ ನೋಡಿದೆ, ನಿನ್ನದೇ.

ಬಿಡಿಸಿ ಹೇಳಬೇಡವೆಂದಿದ್ದೆ. ಆಳು ಎನ್ನುವ ಮಾತಿಗೆ ಏನು ಬಿಡಿಸಿ ಹೇಳುವುದಿದೆ? ಅವ್ವನಿಗೆ ತಿಳಿಯಿತು. ಬೇರೆ ಯಾರೋ ಗ್ಯಾನಪ್ಪ ಇರಬೇಕೆಂದು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಅವಳು ನನ್ನ ಕಡೆಗೂ ನೋಡಲಿಲ್ಲ.

ಹೊನ್ನೂರಪ್ಪನೂ ಹೇಳಿಕೆ ಕೊಟ್ಟ. ಇಪ್ಪತ್ತು ವರ್ಷದಿಂದ ಹೊಲವನ್ನು ತಾನೇ ಮುಂದೆ ನಿಂತು ಮಾಡಿಸಿದ್ದು, ಈ ವರ್ಷವೂ ತಾನೇ ಬಿತ್ತಿಸಿದ್ದು, ಈ ಹೆಣ್ಣುಮಕ್ಕಳು ಬರೇ ಕೂಲಿಗೆ ಬಂದವರು ಎಂದ. ಏನು ಬಿತ್ತಿದಿರಿ ಎಂದು ಸಾಹೇಬರು ಕೇಳಿದರು. ಬಿಳಿಜೋಳ ಎಂದ. ಅದು ರಸ್ತೆಯಲ್ಲಿ ಹೋಗುವ ಬಸ್ಸಿನಿಂದಲೂ ಕಾಣುತ್ತದೆ. ನನಗೆ ಕಲಿತದ್ದೆಲ್ಲ ಮರೆತು ಹೋಯಿತು. ಬರೆದುಕೊಂಡು ಹೋಗಿದ್ದ ಚೀಟಿ ಕೈಯಲ್ಲೇ ಇತ್ತು, ಓದಲಾಗಲಿಲ್ಲ.

ಆಗ ಅವ್ವ ಎದ್ದಳು. ಮಂದಿಯ ಮುಂದೆ ಎಂದೂ ಬಾಯಿ ಬಿಡದವಳು. "ಅಕ್ಕಡಿ ಏನ್ ಹಾಕೀರಿ, ಅದನ್ನ ಕೇಳ್ರಿ ಸಾಹೇಬ್ರ" ಎಂದಳು.

ನೀನು ಮರೆತಿರಬಹುದು, ನೆನಪಿಸುತ್ತೇನೆ. ಕೂರಿಗೆ ಹಿಡಿದ ಗಂಡಸು ಜೋಳದ ಸಾಲು ಹೊಡೆದುಕೊಂಡು ಮುಂದೆ ಹೋಗುತ್ತಾನೆ. ಅಷ್ಟಷ್ಟು ಸಾಲಿಗೊಂದು ಸಾಲು ಬಿಟ್ಟು, ಹಿಂದೆ ಹಗ್ಗಕ್ಕೆ ಕಟ್ಟಿದ ಒಂಟಿ ಕೊಳವೆಯಲ್ಲಿ ಹೆಂಗಸು ಬೇರೆ ಬೀಜ ಬಿಡುತ್ತಾ ನಡೆಯುತ್ತಾಳೆ, ಅದೇ ಅಕ್ಕಡಿ. ಆ ಬೀಜ ಆರಿಸುವುದೂ ಅವಳೇ, ಬಿಡುವುದೂ ಅವಳೇ. ಗಂಡಸರು ಹಿಂದಿರುಗಿ ನೋಡುವುದಿಲ್ಲ. ಎರೆಯ ಜೋಳದಲ್ಲಿ ಎಲ್ಲರೂ ಕುಸುಬಿ ಹಾಕುತ್ತಾರೆ. ಹೊನ್ನೂರಪ್ಪ ನಗುತ್ತಾ, ಇದನ್ನು ಕೇಳಬೇಕೇ, ಕುಸುಬಿ ಎಂದ. ಪ್ರತಿ ವರ್ಷವೂ ಅದೇಯೋ ಎಂದರು ಸಾಹೇಬರು. ಪ್ರತಿ ವರ್ಷವೂ ಕುಸುಬಿಯೇ. ಗುಮಾಸ್ತ ಬರೆದುಕೊಂಡ.

ಈ ಸಲ ನಮ್ಮ ಕುಸುಬಿ ಬೀಜಕ್ಕೆ ಹುಳ ಬಿದ್ದಿತ್ತು. ಶಾಹಜಾದಬಿ ತನ್ನ ಮನೆಯ ಅಗಸಿ ಬೀಜ ಕೊಟ್ಟಿದ್ದಳು. ಏಳೆಕರೆಯ ಅಕ್ಕಡಿಯೂ ಅಗಸಿಯೇ. ಅವ್ವ ಅದನ್ನು ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ಬರಗಾಲದ ವರ್ಷ ಕುಸುಬಿ ಹುಟ್ಟದೆ ಸಾಲು ಬರಿದಾಗಿ ಬಿಟ್ಟದ್ದು, ಅದರ ಮರುವರ್ಷ ಕಡಲೆ ಹಾಕಿದ್ದು, ಬಡಗಣ ಮಗ್ಗಲು ನೀರು ನಿಲ್ಲುವುದಕ್ಕೆ ಅಲ್ಲಿ ಎಂದೂ ಅಕ್ಕಡಿ ಬಿಡದಿದ್ದದ್ದು, ಕಾಯ್ದೆ ಬಂದ ವರ್ಷ ಏನು, ಅಪ್ಪ ಸತ್ತ ವರ್ಷ ಏನು, ಎಲ್ಲ ಹೇಳಿದಳು. ಹೊಲವೇ ಎದುರಿಗೆ ಇದ್ದ ಹಾಗೆ ಕೈ ಮಾಡಿ ತೋರಿಸಿ ತೋರಿಸಿ ಹೇಳಿದಳು.

ಸಾಹೇಬರು ಮರುದಿನ ಜೀಪು ತೆಗೆದುಕೊಂಡು ಹೊಲಕ್ಕೆ ಬಂದರು. ಜೋಳ ಕಿತ್ತು ಗೂಡು ಹಾಕಿದ್ದೆವು, ಅಗಸಿ ಇನ್ನೂ ನಿಂತಿತ್ತು. ಅವರೇ ಒಂದು ಕಾಯಿ ಹರಿದು ಅಂಗೈಯಲ್ಲಿ ತಿಕ್ಕಿ, ಬೀಜವನ್ನು ಹೊನ್ನೂರಪ್ಪನ ಮುಂದೆ ಹಿಡಿದು, ಇದೇನೆಂದು ಕೇಳಿದರು. ಬಡಗಣ ಮಗ್ಗಲಿಗೂ ನಡೆದು ನೋಡಿದರು. ಅಲ್ಲಿ ಅಕ್ಕಡಿ ಇರಲಿಲ್ಲ.

ನಿನ್ನ ಮಗುವಿಗೆ ಅಂಗಿ ತಂದವರ ಸಾಕ್ಷಿ ಬಿತ್ತು ಗ್ಯಾನಪ್ಪ. ಅಣ್ಣ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ಪಕ್ಕೀರವ್ವ


ಅಳವಂಡಿ
21-3-1980

(ಅವ್ವ ಹೇಳಿದ್ದು. ಒಂದು ಮಾತನ್ನೂ ತಿದ್ದದೆ ಬರೆದಿದ್ದೇನೆ. ಪಕ್ಕೀರವ್ವ)

ಗ್ಯಾನಪ್ಪ, ನಿನ್ನ ಅವ್ವ ಮಾರೆವ್ವ ಹೇಳೂದು.

ಹೊಲ ನಿನಗ ಬ್ಯಾಡಾದ್ರ ಬ್ಯಾಡ. ತಂಗಿ ಮ್ಯಾಲೆ ಸಿಟ್ಟಿದ್ರ ಇರಲಿ. ನೌಕರಿ ಹೋಗತೈತಿ ಅಂತ ಅಂಜಿದಿ, ಅದೂ ಗೊತ್ತೈತಿ, ನಿನಗೂ ಹೆಂಡ್ರು ಮಕ್ಕಳು ಅದಾರ. ಸುಮ್ಮ ಕುಂತಿದ್ರ ನಾನೇನೂ ಅಂತಿದ್ದಿಲ್ಲ.

ನಿಮ್ಮಪ್ಪಗ ಆಳು ಅಂತ ಬರದಿಯಲ್ಲೋ. ಸಾವ್ಕಾರ್ರು ಸಂಬಳಕ್ಕ ಇರು ಅಂತ ಎಷ್ಟ್ ಸಲ ಕರದ್ರು. ಉಪಾಸ ಇದ್ದೇವಿ, ಅವ ಹೋಗ್ಲಿಲ್ಲ. ರೈತ ಅದೀನಿ, ಆಳಾಗಂಗಿಲ್ಲ ಅಂದ. ಸತ್ತವನ ಬಾಯಾಗ ಮಾತಿಲ್ಲ ಅಂತ ನೀ ಬರದಿ.

ನನ್ನ ಬಾಯಾಗ ಐತಿ. ಅಪ್ಪ ಆಳಲ್ಲ ಅಂತ ಬಂದು ನಿನ್ನ ಬಾಯಿಲೆ ಹೇಳೂತನಕ ಈ ಮನಿ ಹೊಸ್ತಲ ತುಳೀಬ್ಯಾಡ. ಕೂಸಿನ್ನ ನೋಡಂಗ ಆಗತೈತಿ. ಆಗ್ಲಿ. ತಡಕೋತೀನಿ.

ಮಾರೆವ್ವ


ಅಳವಂಡಿ
27-9-1980

ಗ್ಯಾನಪ್ಪನಿಗೆ,

ಆರು ತಿಂಗಳು ನಿನ್ನಿಂದ ಒಂದು ಕಾರ್ಡೂ ಇಲ್ಲ. ಇರಲಿ, ನಿನಗೆ ಶುಭಾಶಯ ಹೇಳಬೇಕಾಗಿದೆ. ನಾವು ಗೆದ್ದೆವು, ಹೊಲ ನಿನಗೆ ಬಂತು.

ತಮಾಷೆಯಲ್ಲ. ಟ್ರಿಬ್ಯೂನಲ್ಲು ಅಪ್ಪನನ್ನು ರೈತನೆಂದು ಒಪ್ಪಿದೆ. ಆದರೆ ಅಪ್ಪ ಇಲ್ಲದ್ದಕ್ಕೆ ವಾರಸುದಾರರ ಪಟ್ಟಿ ಬೇಕಾಯಿತು. ನಮ್ಮೂರ ತಲಾಟಿ ಚಾವಡಿಯ ಹಿರಿಯರನ್ನು ಕೇಳಿ ಪಟ್ಟಿ ಬರೆದು ಕೊಟ್ಟ. ಹೆಂಡತಿ ಮಾರೆವ್ವ, ಮಗ ಗ್ಯಾನಪ್ಪ. ಅಷ್ಟೇ. ನಾನೆಲ್ಲಿ ಎಂದು ಕೇಳಲು ಹೋದರೆ, "ನೀ ಕೊಟ್ಟ ಮನಿಗೆ ಹೋಗಾಕಿ, ನಿನ್ನ್ಯಾಕ ಬರೀಲಿ" ಎಂದ. ಅರ್ಜಿ ಬರೆದವಳು ನಾನು, ಕೂರಿಗೆ ಹಿಡಿದವಳು ನಾನು. ಅಪ್ಪನನ್ನು ಆಳು ಎಂದವನು ವಾರಸುದಾರ. ಇದನ್ನು ಶಾಹಜಾದಬಿಗೆ ಹೇಳಿದರೆ ಅವಳು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. ನನಗೂ ಮೊದಲು ನಗುವೇ ಬಂತು. ಆಮೇಲೆ ಅಗಸಿ ಚೀಲದ ಮೇಲೆ ಕೂತು ಅತ್ತೆ. ಅತ್ತೆನೆಂದು ಬರೆಯಲು ನನಗೆ ನಾಚಿಕೆಯಿಲ್ಲ.

ಇನ್ನೂ ಕೊನೆಯ ಸಹಿ ಬಿದ್ದಿಲ್ಲ. ಅಕ್ಟೋಬರ್ ಎಂಟಕ್ಕೆ ವಾರಸುದಾರರಿಬ್ಬರೂ ಕೊಪ್ಪಳದಲ್ಲಿ ಹಾಜರಾಗಿ ಒಪ್ಪಿಗೆ ಹಾಕಬೇಕು. ನಿನಗೂ ನೋಟೀಸು ಬಂದಿರಬೇಕು. ನಾನು ತಕರಾರು ಬರೆದು ಕಳಿಸಿದ್ದೇನೆ. ಅದು ನಡೆಯದಿದ್ದರೆ ಮೇಲಿನ ಕೋರ್ಟಿಗೆ ಹೋಗುತ್ತೇನೆ. ಅಲ್ಲೂ ನಡೆಯದಿದ್ದರೆ ಹೊಲ ಬಿಟ್ಟು ಏಳುವುದಿಲ್ಲ, ನಿನ್ನ ಹೆಸರಿನ ಕಾಗದ ತಂದು ನೀನೇ ಎಬ್ಬಿಸು.

ಎಂಟನೇ ತಾರೀಖು ಹೊಲ ಹದಕ್ಕೆ ಬಂದಿದ್ದರೆ ನಾನು ಕೊಪ್ಪಳಕ್ಕೆ ಬರುವುದಿಲ್ಲ, ಬಿತ್ತುತ್ತೇನೆ. ಅವ್ವನನ್ನು ಕಾಸೀಮಸಾಬನ ಜೊತೆ ಕಳಿಸುತ್ತೇನೆ. ಅವನಿಗೆ ಈಗ ಧೈರ್ಯ ಬಂದಿದೆ. ನಿನ್ನನ್ನು ನಾನು ಏನನ್ನೂ ಕೇಳುವುದಿಲ್ಲ. ಬರುವುದಾದರೆ ಬಾ, ಸಹಿ ಹಾಕು, ನಿನ್ನ ಹೊಲ ತೆಗೆದುಕೊ.

ಪಕ್ಕೀರವ್ವ


ಕೊಪ್ಪಳ ಬಸ್ ಸ್ಟ್ಯಾಂಡ್
8-10-1980

ತಂಗಿ ಪಕ್ಕೀರವ್ವಳಿಗೆ,

ಬಸ್ಸು ಬಿಡಲು ಇನ್ನೂ ಹೊತ್ತಿದೆ, ಈ ಚೀಟಿಯನ್ನು ಕಾಸೀಮಸಾಬನ ಕೈಯಲ್ಲಿ ಕೊಡುತ್ತಿದ್ದೇನೆ. ಅವನು ಹೇಳುವುದರಲ್ಲಿ ಅರ್ಧ ಬಿಟ್ಟುಹೋದೀತೆಂದು ನಾನೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತಕ್ಕೇ ಬಂದು ಕಚೇರಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವ್ವ ಬಂದಳು, ನನ್ನನ್ನು ನೋಡಿ ಬೇರೆ ಕಡೆ ಕೂತಳು. ಹೇಮಪ್ಪನ ವಾರಸುದಾರರು ಎಂದು ಕೂಗಿದರು. ನಿನ್ನ ತಕರಾರಿನ ಕಾಗದ ಫೈಲಿನಲ್ಲಿತ್ತು. ಪಟ್ಟಿ ತಲಾಟಿಯದು, ಈಗ ಏನೂ ಮಾಡಲಾಗದು ಎಂದು ಗುಮಾಸ್ತ ಹೇಳಿ, ಅವ್ವನ ಕೈ ಹಿಡಿದು ಮಸಿಯ ಮೇಲೆ ಎಳೆದ. ಅವ್ವ ಮುಷ್ಟಿ ಕಟ್ಟಿದಳು. ಅವನು ಬೆರಳು ಬಿಡಿಸಲು ಹೋದ. ಅವ್ವ ಕೈ ಕಿತ್ತುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

"ನನ್ನ ಮಗಳ ಹೆಸರಿಲ್ಲದ ಕಾಗದಕ್ಕ ನನ್ನ ಹೆಬ್ಬೆಟ್ಟು ಬೀಳಂಗಿಲ್ರಿ" ಎಂದಳು.

ಸಾಹೇಬರು ಸಮಾಧಾನದಿಂದಲೇ ತಿಳಿಸಿದರು. ಅಮ್ಮಾ, ಹೀಗೆ ಹಟ ಮಾಡಿದರೆ ಬಂದ ಹೊಲವೂ ವರ್ಷಗಟ್ಟಲೆ ನಿಂತುಹೋಗುತ್ತದೆ ಎಂದರು. ನಿಂದ್ರಲಿ ಎಂದಳು ಅವ್ವ. ಕೈ ಮಾತ್ರ ಹೊರಗೆ ಬರಲಿಲ್ಲ.

ನಾನು ಎದ್ದು ಮುಂದೆ ಹೋದೆ. ಬರುವಾಗ ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. ನಮ್ಮಪ್ಪ ಆಳಾಗಿರಲಿಲ್ಲ, ರೈತನಾಗಿದ್ದ, ನಾನು ಸುಳ್ಳು ಬರೆದುಕೊಟ್ಟೆ ಎಂದೆ. ಆರು ವರ್ಷದಿಂದ ನಾನು ಆ ಹೊಲಕ್ಕೆ ಕಾಲಿಟ್ಟಿಲ್ಲ, ಮಾಡುವವಳು ತಂಗಿ, ನನ್ನ ಹೆಸರು ತೆಗೆದು ಅವಳದನ್ನು ಹಾಕಿರಿ ಎಂದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸುಳ್ಳು ಹೇಳಿಕೆ ಕೊಟ್ಟೆನೆಂದು ಸರ್ಕಾರಿ ನೌಕರ ಬರೆದುಕೊಟ್ಟರೆ ಏನಾಗುತ್ತದೆ ಗೊತ್ತಿದೆಯೇ ಎಂದರು. ಗೊತ್ತಿದೆ ಎಂದೆ. ಹೆದರಿಕೆ ಆಗಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಬರೆಯುವಾಗ ಎರಡು ಕಾಗದ ಹಾಳು ಮಾಡಿದೆ. ಮೂರನೆಯದಕ್ಕೆ ಸಹಿ ಹಾಕಿದೆ. ನಿನ್ನ ಅತ್ತಿಗೆಗೆ ಇನ್ನೂ ಹೇಳಿಲ್ಲ.

ಸಾಹೇಬರು ಓದಿ, ಪಟ್ಟಿಯಲ್ಲಿ ಗೀಟು ಹಾಕುವ ಮೊದಲು, ಆ ಹುಡುಗಿ ಎಲ್ಲಿದ್ದಾಳೆ, ಇಷ್ಟೆಲ್ಲ ಮಾಡಿ ಇವತ್ತೇ ಯಾಕೆ ಬಂದಿಲ್ಲ ಎಂದು ಕೇಳಿದರು. ಅವ್ವ ಹೇಳಿದಳು: "ಬಿತ್ತಾಕ ಹತ್ತ್ಯಾಳ್ರಿ. ಹದ ಆರಾಕತ್ತೈತಿ, ನಾನೂ ಅಕ್ಕಡಿಗೆ ಹೋಗಬೇಕು. ಲಗೂನ ಬರೀರಿ."

ಬರೆದರು. ಮಾರೆವ್ವ, ಪಕ್ಕೀರವ್ವ. ಅವ್ವ ಗುಮಾಸ್ತನಿಂದ ಎರಡು ಸಲ ಓದಿಸಿದಳು, ಆಮೇಲೆ ನನ್ನ ಮುಂದೆ ಕಾಗದ ಹಿಡಿದು ಮೂರನೇ ಸಲ ಓದಿಸಿದಳು. ಆಗ ಕೈ ಬಿಚ್ಚಿದಳು.

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದೆವು. ಮಗು ಎಷ್ಟೆತ್ತರ ಬೆಳೆದಿದೆ ಎಂದು ಕೇಳಿದಳು, ಕೈ ಮಾಡಿ ತೋರಿಸಿದೆ. ನಾನೂ ಊರಿಗೆ ಬರಲೇ ಎಂದು ಕೇಳಿದೆ. ಅವ್ವ ಬಸ್ಸು ಹತ್ತಿ ಕೂತು, ಕಿಟಕಿಯಿಂದ ಹೇಳಿದಳು. "ಇವತ್ತ ಬ್ಯಾಡ. ನಿನಗ ರೊಟ್ಟಿ ಮಾಡಿ ಹಾಕಾಕ ನಮಗಿಬ್ಬರಿಗೂ ಪುರಸೊತ್ತಿಲ್ಲ. ಬಿತ್ತಿಗಿ ಮುಗೀಲಿ, ಕೂಸಿನ್ನ ಕರಕೊಂಡು ಬಾ."

ನಿನ್ನ ಅಣ್ಣ
ಗ್ಯಾನಪ್ಪ